ದೀಕ್ಷಾಸ್ನಾನ, ಸ್ನಾನದೀಕ್ಷೆ, ಜ್ಞಾನಸ್ನಾನ: ನಾಮಪದ ಮೂರು, ಕ್ರಿಯಾಪದ ಯಾವುದು?

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ಹುಬ್ಬಳ್ಳಿಯಿಂದ ನಮಸ್ಕಾರ.

ಒಂದು ಕರೆಯೋಲೆಯ ಕರಡು ತಿದ್ದುವಾಗ ಎದ್ದ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಪ್ರಶ್ನೆ ಕ್ರೈಸ್ತರ ಬ್ಯಾಪ್ಟಿಸಮ್ಮಿನದು, ಅಂದರೆ ನೀರಿನಿಂದ ಒಬ್ಬರನ್ನು ಸಭೆಗೆ (ಚರ್ಚಿಗೆ) ಸೇರಿಸಿಕೊಳ್ಳುವ ಸಂಸ್ಕಾರದ್ದು; ತಲೆಬರಹದ ಮೂರೂ ಪದಗಳು ಅದರ ಹೆಸರುಗಳೇ. ನಮ್ಮದು ಗದಗ-ಬೆಟಗೇರಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್) ಸಭೆಯ ಮನೆತನ, ಊರ ಹಳಬರ ಬಾಯಲ್ಲಿ ನಾವು ಇನ್ನೂ ಬಾಸೆಲ್ ಮಿಶನ್ನಿನವರೇ. ಅಣ್ಣನ ಮಗನಿಗೆ ಹೆಣ್ಣು ತಂದದ್ದು ಕೇಶ್ವಾಪುರದ ಕ್ಯಾಥೊಲಿಕ್ ಮನೆಯಿಂದ. ಅವರ ಕೂಸಿನ ಕಾರ್ಯಕ್ಕೆ ಬೀಗರು ಕಳಿಸಿದ ಕರಡಿನಲ್ಲಿ ‘ಸ್ನಾನದೀಕ್ಷೆ’ ಎಂದಿತ್ತು. ನಮ್ಮ ದೊಡ್ಡವ್ವ ಅದನ್ನು ಓದಿಸಿ ಕೇಳಿ, ‘ನಮ್ಮದು ದೀಕ್ಷಾಸ್ನಾನ, ಇವರದು ಸ್ನಾನದೀಕ್ಷೆ. ಎರಡೂ ಒಂದ ಏನಪಾ, ಬ್ಯಾರೆ ಬ್ಯಾರೆ ಏನು?’ ಅಂದರು. ಬೀಗರ ಮನೆಯ ಹಿರಿಯರೊಬ್ಬರು ತಮಿಳು ಮೂಲದವರು, ರೈಲ್ವೆ ನೌಕರಿಗೆಂದು ಹುಬ್ಬಳ್ಳಿಗೆ ಬಂದ ಕುಟುಂಬ. ಅವರಿಗೆ ಅದು ‘ಜ್ಞಾನಸ್ನಾನ’. ಪ್ರೆಸ್ಸಿನವರು ತಮ್ಮ ಕಡೆಯಿಂದ ‘ನಾಮಕರಣ ಅಂತ ಹಾಕಿಬಿಡ್ರಿ ಸರ, ಎಲ್ಲಾರಿಗೂ ತಿಳೀತೈತಿ’ ಎಂದು ಸಲಹೆ ಕೊಟ್ಟರು.

ಮೊದಲು ಈ ಕೊನೆಯ ಸಲಹೆಯ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲೂ ಅನುವಾದಗಳಲ್ಲೂ ಇದು ಪದೇ ಪದೇ ಕಾಣುತ್ತದೆ. ನಾಮಕರಣ ಎಂಬುದು ದೀಕ್ಷಾಸ್ನಾನಕ್ಕೆ ಸಮನಾದ ಪದವಲ್ಲ. ಕೂಸಿನ ಹೆಸರನ್ನು ಅಲ್ಲಿ ಕೇಳುತ್ತಾರೆ, ಆ ಹೆಸರು ಹಿಡಿದು ಕರೆಯುತ್ತಾರೆ ಎಂಬುದು ನಿಜ. ಆದರೆ ನಡೆಯುವ ಕೆಲಸ ಹೆಸರಿಡುವುದಲ್ಲ. ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಮಾಡಿಸಿಕೊಳ್ಳುವವರು ಹಳೆಯ ಹೆಸರನ್ನೇ ಇಟ್ಟುಕೊಳ್ಳಬಹುದು, ಎಷ್ಟೋ ಜನ ಇಟ್ಟುಕೊಂಡಿದ್ದಾರೆ. ನಮ್ಮ ಭಾಗದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರನ್ನೇ ನೋಡಿರಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕ್ರೈಸ್ತರು, ಬಾಸೆಲ್ ಮಿಶನ್ನಿನ ಸಭಾಪಾಲಕರು, ಸರ್ವಜ್ಞನ ವಚನಗಳನ್ನು ಹಳ್ಳಿ ಹಳ್ಳಿಯಿಂದ ಕೂಡಿಹಾಕಿದವರು, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಹೆಸರು ಚೆನ್ನಪ್ಪ! ಆ ಹೆಸರಿನಿಂದ ಅವರ ದೀಕ್ಷಾಸ್ನಾನಕ್ಕೆ ಏನೂ ಕೊರತೆಯಾಗಲಿಲ್ಲ. ಹಾಗಾಗಿ ಕಾರ್ಡಿನಲ್ಲಿ ನಾಮಕರಣ ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ಬೇಕಾದವರು ತೊಟ್ಟಿಲ ಕಾರ್ಯವನ್ನು ಮನೆಯಲ್ಲಿ ಬೇರೆಯಾಗಿ ಮಾಡಿಕೊಳ್ಳಲಿ, ನಮ್ಮ ಕಡೆ ಮಾಡುತ್ತಾರೆ ಕೂಡ.

ಇನ್ನು ಮೂಲ ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದು ‘ಬಾಪ್ಟಿಜೋ’. ಅದರ ಬೇರು ‘ಬಾಪ್ಟೋ’, ಅಂದರೆ ಅದ್ದು. ಬಣ್ಣಗಾರನ ಕೆಲಸಕ್ಕೂ ಇದೇ ಧಾತು. ಬೆಟಗೇರಿಯಲ್ಲಿ ನೇಕಾರರ ಓಣಿಯ ಹತ್ತಿರ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೂಲಿನ ಲಡಿಯನ್ನು ಬಣ್ಣದ ಬಾನಿಯಲ್ಲಿ ಅದ್ದಿದರೆ ಅದು ಒದ್ದೆಯಾಗಿ ಹೊರಬರುವುದಷ್ಟೇ ಅಲ್ಲ, ಬೇರೆಯಾಗಿ ಹೊರಬರುತ್ತದೆ. ಆದರೆ ಹೊಸ ಒಡಂಬಡಿಕೆಯ ಬರಹಗಾರರು ಎರಡು ಧಾತುಗಳನ್ನೂ ಬೆರೆಸಿಲ್ಲ. ಯೇಸು ರೊಟ್ಟಿಯ ತುತ್ತನ್ನು ಅದ್ದಿ ಯೂದನಿಗೆ ಕೊಡುವಲ್ಲಿ, ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ರಕ್ತದಲ್ಲಿ ಅದ್ದಿದ ಉಡುಪಿನ ಮಾತು ಬರುವಲ್ಲಿ ‘ಬಾಪ್ಟೋ’. ಸಂಸ್ಕಾರದ ಮಾತು ಬಂದಾಗ ಯಾವಾಗಲೂ ‘ಬಾಪ್ಟಿಜೋ’. ಆದರೆ ಈ ಎರಡನೆಯದಕ್ಕೂ ದಿನಬಳಕೆಯ ಅರ್ಥ ಉಂಟು. ಮಾರ್ಕನ 7ನೇ ಅಧ್ಯಾಯದಲ್ಲಿ ಪೇಟೆಯಿಂದ ಬಂದವರು ಊಟಕ್ಕೆ ಮುಂಚೆ ಮೈ ತೊಳೆದುಕೊಳ್ಳುವುದನ್ನೂ ಬಟ್ಟಲು ಚೆಂಬುಗಳನ್ನು ತೊಳೆಯುವುದನ್ನೂ ಇದೇ ಧಾತುವಿನಿಂದ ಹೇಳಿದೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಕುಷ್ಠರೋಗಿ ನಾಮಾನನು ಯೊರ್ದನಿನಲ್ಲಿ ಏಳು ಸಾರಿ ಮುಳುಗಿದ್ದು ಕೂಡ ಇದೇ ಪದ. ಹೀಗೆ ಮನೆಬಳಕೆಯ ಪದವೊಂದು ಸಂಸ್ಕಾರದ ಹೆಸರಾಯಿತು.

ಅನುವಾದಕರಿಗೆ ಇಲ್ಲಿಂದ ತೊಡಕು ಶುರು. ಪದದ ಅರ್ಥವನ್ನೇ ಹಾಕಬೇಕೋ, ಗ್ರೀಕ್ ಪದವನ್ನು ಹಾಗೆಯೇ ಉಳಿಸಬೇಕೋ? 1830ರ ದಶಕದಲ್ಲಿ ಬಂಗಾಲಿಯಲ್ಲಿ ಇದೇ ಕಾರಣಕ್ಕೆ ದೊಡ್ಡ ಜಗಳವಾಯಿತು. ಅಲ್ಲಿನ ಅನುವಾದಕರು ಬ್ಯಾಪ್ಟಿಸ್ಟ್ ಪಂಗಡದವರು. ‘ಮುಳುಗಿಸು’ ಎಂಬ ಅರ್ಥದ ಪದವನ್ನೇ ಬಳಸಿದರು. ಅದನ್ನು ಒಪ್ಪಿಕೊಂಡರೆ ತಲೆಯ ಮೇಲೆ ನೀರು ಹೊಯ್ಯುವ ಉಳಿದ ಸಭೆಗಳು ತಪ್ಪು ಮಾಡುತ್ತಿವೆ ಎಂದು ಬೈಬಲ್ಲೇ ಹೇಳಿದ ಹಾಗಾಗುತ್ತದಲ್ಲ! ಲಂಡನ್ನಿನ ಬೈಬಲ್ ಸೊಸೈಟಿ ಆ ಅನುವಾದಕ್ಕೆ ಹಣ ಕೊಡಲು ಒಪ್ಪಲಿಲ್ಲ. ಕೊನೆಗೆ ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ಒಂದು ಕ್ರಿಯಾಪದದ ಸಲುವಾಗಿ ಎರಡು ಸಂಘಗಳು.

ಕನ್ನಡದಲ್ಲಿ ಈ ಜಗಳ ಅಷ್ಟು ದೂರ ಹೋಗದಿರಲು ನಮ್ಮ ‘ಸ್ನಾನ’ವೇ ಕಾರಣವೆಂದು ನನ್ನ ನಂಬಿಕೆ. ಹೊಳೆಯಲ್ಲಿ ಮೂರು ಮುಳುಗು ಹಾಕಿದರೂ ಸ್ನಾನ, ಬಚ್ಚಲಿನಲ್ಲಿ ತಂಬಿಗೆಯಿಂದ ಹೊಯ್ದುಕೊಂಡರೂ ಸ್ನಾನ. ನೀರು ಎಷ್ಟು, ಹೇಗೆ ಎಂಬುದನ್ನು ಈ ಪದ ಹೇಳುವುದಿಲ್ಲ. ಅಲ್ಲದೆ ನಮ್ಮ ಉತ್ತರ ಕರ್ನಾಟಕದಲ್ಲಿ ಮೈಕೊಳೆ ತೊಳೆಯುವ ದಿನದ ಕೆಲಸಕ್ಕೆ ‘ಜಳಕ’ ಎಂಬ ಬೇರೆ ಪದ ಇದೆ. ‘ಜಳಕಾ ಆತೇನು?’ ಎನ್ನುತ್ತೇವೆ, ‘ಸ್ನಾನ’ ಎಂದ ಕೂಡಲೇ ಮಾತಿಗೆ ತುಸು ಮಡಿ ಬರುತ್ತದೆ. ‘ದೀಕ್ಷಾಜಳಕ’ ಎಂದು ಯಾರೂ ಅನ್ನುವುದಿಲ್ಲ. ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯ, ಈ ಸಂಸ್ಕಾರ ಮೈಕೊಳೆ ಹೋಗಲಾಡಿಸುವುದಲ್ಲ ಎಂದು ಬಿಡಿಸಿ ಹೇಳುತ್ತದೆ. ಆ ಭೇದವನ್ನು ಜಳಕ ಮತ್ತು ಸ್ನಾನ ಎಂಬ ಎರಡು ಪದಗಳಿಂದ ಧಾರವಾಡದ ಮುದುಕಿಯೊಬ್ಬಳು ಥಟ್ಟನೆ ತಿಳಿಸಿಬಿಡಬಲ್ಲಳು.

ಬರೀ ಸ್ನಾನ ಸಾಲದೆಂದು ಅದಕ್ಕೆ ‘ದೀಕ್ಷೆ’ ಸೇರಿತು. ಕನ್ನಡದ ಪೂರ್ಣ ಬೈಬಲ್ಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರಲ್ಲಿ ಬಂತು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಕಾಲಿಟ್ಟಿತು. ಕಿಟೆಲ್ಲರು 1853ರಲ್ಲಿ ಬಂದರು. ಈ ಮಿಶನರಿಗಳು ಕಾಲಿಟ್ಟ ನೆಲ ಎಂಥದು ನೋಡಿರಿ: ಗದಗಿನ ತೋಂಟದಾರ್ಯ ಮಠ, ಹುಬ್ಬಳ್ಳಿಯ ಮೂರುಸಾವಿರ ಮಠ, ಧಾರವಾಡದ ಮುರುಘಾಮಠ. ‘ದೀಕ್ಷೆ’ ಎಂದರೆ ಇಲ್ಲಿ ಮೊದಲು ಕಣ್ಣ ಮುಂದೆ ಬರುವುದು ಲಿಂಗದೀಕ್ಷೆ, ಅಯ್ಯಾಚಾರ. ಗುರು ತನ್ನ ಕೈಯಾರೆ ಶಿಷ್ಯನ ಕೈಗೆ ಇಷ್ಟಲಿಂಗ ಕೊಡುವುದು. ಆಗಮದ ಪಂಡಿತರು ಆ ಪದವನ್ನು ಎರಡು ಹೋಳು ಮಾಡಿ ವಿವರಿಸುತ್ತಾರೆ: ‘ದೀ’ ಎಂದರೆ ಜ್ಞಾನವನ್ನು ಕೊಡುವುದು, ‘ಕ್ಷಾ’ ಎಂದರೆ ಪಾಶ ಕ್ಷಯವಾಗುವುದು. ಇನ್ನೂ ಹಿಂದಕ್ಕೆ ಹೋದರೆ, ಸೋಮಯಾಗಕ್ಕೆ ಮುನ್ನ ಯಜಮಾನನಿಗೆ ದೀಕ್ಷೆ ಕೊಡುವಾಗ ಅವನ ಮೇಲೆ ನೀರು ಚಿಮುಕಿಸಿ, ಅವನನ್ನು ಮತ್ತೆ ಗರ್ಭದ ಶಿಶುವಾಗಿ ಮಾಡುತ್ತಾರೆಂದು ಐತರೇಯ ಬ್ರಾಹ್ಮಣ ಹೇಳುತ್ತದೆ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ನಿಕೊದೇಮನು ‘ಮುದುಕನಾದವನು ಮತ್ತೆ ತಾಯಿಯ ಗರ್ಭ ಸೇರಿ ಹುಟ್ಟಲಾದೀತೇ?’ ಎಂದು ಕೇಳುತ್ತಾನಲ್ಲ, ಅದಕ್ಕೆ ಬಂದ ಉತ್ತರ ನೀರಿನಿಂದಲೂ ಆತ್ಮದಿಂದಲೂ ಹುಟ್ಟುವ ಮಾತು. ಈ ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಯಾಗದ ಹೊತ್ತಿಗೆ ಸೀಮಿತ, ಇನ್ನೊಂದು ಬದುಕಿಗೆಲ್ಲ ಒಂದೇ ಸಾರಿ. ಆದರೆ ‘ದೀಕ್ಷೆ’ಯನ್ನು ಆರಿಸಿಕೊಂಡವರು ಮರುಹುಟ್ಟಿನ ಅರ್ಥ ಮೊದಲೇ ಹುದುಗಿದ್ದ ಪದವನ್ನೇ ಎತ್ತಿಕೊಂಡರು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಧಾರವಾಡದಲ್ಲಿದ್ದು ‘ಸ್ನಾತಕ’ ಪದವನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? ವಿದ್ಯೆ ಮುಗಿದ ಮೇಲೆ ಸ್ನಾನ ಮಾಡಿದವನು ಸ್ನಾತಕ. ಅದು ಹೊರಡುವವನ ಸ್ನಾನ. ಇದು ಒಳಗೆ ಬರುವವನದು.

ಇನ್ನು ‘ಜ್ಞಾನಸ್ನಾನ’. ಇದು ತಮಿಳು ಕ್ಯಾಥೊಲಿಕರಲ್ಲಿ ಬೇರೂರಿದ ಪದ. ಅವರ ಜೊತೆ ನಮ್ಮ ಕಡೆಗೂ ಬಂದಿದೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಮತ್ತು ಅವನ ಹಾದಿ ಹಿಡಿದ ಜೆಸ್ವಿತರು (ಯೇಸುಸಭೆಯ ಕ್ಯಾಥೊಲಿಕ್ ಗುರುಗಳು) ಪೋರ್ಚುಗೀಸ್ ಪದಗಳನ್ನು ಬಿಟ್ಟು ಸಂಸ್ಕೃತ ಮೂಲದ ಪದಗಳಿಂದ ಕ್ರೈಸ್ತ ನುಡಿಯನ್ನು ಕಟ್ಟಲು ಹೊರಟಿದ್ದರು. ‘ಇದೇನು, ಸ್ನಾನಕ್ಕೂ ಜ್ಞಾನಕ್ಕೂ ಎಲ್ಲಿಂದೆಲ್ಲಿಗೆ?’ ಎಂದು ನಮ್ಮ ಸಭೆಯವರು ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ನಾನು ಹೇಳುವುದು: 2ನೇ ಶತಮಾನದ ಜಸ್ಟಿನ್ ಹುತಾತ್ಮನು ರೋಮಿನ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಬರೆದ ಮನವಿಯಲ್ಲಿ, ಈ ತೊಳೆಯುವಿಕೆಗೆ ನಾವು ‘ಫೋಟಿಸ್ಮೋಸ್’ ಎನ್ನುತ್ತೇವೆ ಎಂದಿದ್ದಾನೆ. ಅಂದರೆ ಬೆಳಕು ತುಂಬುವುದು. ಇದನ್ನು ಕಲಿತವರ ಬುದ್ಧಿಗೆ ಬೆಳಕಾಗುತ್ತದೆಂಬ ಕಾರಣವನ್ನೂ ಅಲ್ಲೇ ಕೊಟ್ಟಿದ್ದಾನೆ. ಇವತ್ತಿಗೂ ಕ್ಯಾಥೊಲಿಕ್ ವಿಧಿಯಲ್ಲಿ ಪಾಸ್ಕದ (ಈಸ್ಟರಿನ) ದೊಡ್ಡ ಮೇಣದ ಬತ್ತಿಯಿಂದ ಸಣ್ಣ ಬತ್ತಿಯೊಂದನ್ನು ಹಚ್ಚಿ ಕೂಸಿನ ಮನೆಯವರ ಕೈಗೆ ಕೊಡುತ್ತಾರೆ. ಜ್ಞಾನಸ್ನಾನ ಎಂಬ ಪದದಲ್ಲಿ ಆ ಬತ್ತಿ ಉರಿಯುತ್ತಿದೆ. ಹಳೆಯ ಪದವೆಂದು ತಳ್ಳಿಹಾಕುವವರು ದಯಮಾಡಿ ಇನ್ನೊಮ್ಮೆ ಯೋಚಿಸಬೇಕು.

ದೀಕ್ಷಾಸ್ನಾನ ಮತ್ತು ಸ್ನಾನದೀಕ್ಷೆಗಳ ಭೇದ ವ್ಯಾಕರಣದ್ದು. ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. ದೀಕ್ಷಾಸ್ನಾನವೆಂದರೆ ದೀಕ್ಷೆಗಾಗಿ ಮಾಡಿಸುವ ಸ್ನಾನ. ಒತ್ತು ಸ್ನಾನದ ಮೇಲೆ. ಸ್ನಾನದೀಕ್ಷೆಯೆಂದರೆ ಸ್ನಾನದ ಮೂಲಕ ಆಗುವ ದೀಕ್ಷೆ. ಒತ್ತು ದೀಕ್ಷೆಯ ಮೇಲೆ. ಕ್ಯಾಥೊಲಿಕರಲ್ಲಿ ಕೂಸಿಗೆ ನೀರಿನ ಜೊತೆಗೆ ಎಣ್ಣೆ ಹಚ್ಚುವುದು, ಬಿಳಿ ಬಟ್ಟೆ, ಬತ್ತಿ ಎಲ್ಲ ಉಂಟು. ದೃಢೀಕರಣ, ಪರಮಪ್ರಸಾದಗಳ ಜೊತೆ ಕೂಡಿಸಿ ಇದನ್ನು ಸಭೆಯೊಳಕ್ಕೆ ಬರಮಾಡಿಕೊಳ್ಳುವ ಮೂರು ಸಂಸ್ಕಾರಗಳಲ್ಲಿ ಮೊದಲನೆಯದಾಗಿ ಎಣಿಸುತ್ತಾರೆ. ಹಾಗಾಗಿ ಅವರಿಗೆ ದೀಕ್ಷೆ ಮುಖ್ಯವಾಗಿ ಕೇಳಿಸುವ ಪದ ಒಗ್ಗುತ್ತದೆ. ನಮ್ಮ ಸಭೆಯಲ್ಲಿ ಎಣ್ಣೆ ಇಲ್ಲ. ನೀರು ಮತ್ತು ವಾಕ್ಯ, ಅಷ್ಟೇ. ಸ್ನಾನ ಎದ್ದು ಕಾಣುವ ಪದ ನಮಗೆ ಸರಿ. ಹೀಗೆಂದು ಕುಳಿತು ಲೆಕ್ಕ ಹಾಕಿಯೇ ಅವರು ಒಂದನ್ನೂ ಇವರು ಇನ್ನೊಂದನ್ನೂ ಆರಿಸಿಕೊಂಡರೆಂದು ನಾನು ವಾದಿಸುತ್ತಿಲ್ಲ. ಬಳಕೆಯಲ್ಲಿ ನಿಂತ ಮೇಲೆ ಎರಡೂ ತಮ್ಮ ತಮ್ಮ ಮನೆಗೆ ಚೆನ್ನಾಗಿ ಹೊಂದಿಕೊಂಡಿವೆ ಎಂಬುದಷ್ಟೇ ಮಾತು.

ಈಗ ನಿಜವಾಗಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ನಾಮಪದದ ಬಗ್ಗೆ ವಾದ ಮಾಡುತ್ತೇವೆ. ನಿಘಂಟುಗಳೂ ನಾಮಪದವನ್ನೇ ಕೊಟ್ಟು ಸುಮ್ಮನಾಗುತ್ತವೆ. ಆದರೆ ಈ ಸಂಸ್ಕಾರದ ಅರ್ಥ ಕುಳಿತಿರುವುದು ಕ್ರಿಯಾಪದದಲ್ಲಿ.

‘ಸ್ನಾನ ಮಾಡು’ ಎನ್ನುವುದು ತನಗೆ ತಾನೇ ಮಾಡಿಕೊಳ್ಳುವ ಕೆಲಸ. ಯಾತ್ರೆಗೆ ಹೋದವನು ಸ್ನಾನ ಮಾಡುತ್ತಾನೆ, ಮದುಮಗ ಸ್ನಾನ ಮಾಡುತ್ತಾನೆ. ದೀಕ್ಷಾಸ್ನಾನವನ್ನು ಹಾಗೆ ಯಾರೂ ‘ಮಾಡುವುದಿಲ್ಲ’. ಇನ್ನೊಬ್ಬರ ಕೈ ಬೇಕೇ ಬೇಕು. ಎಂಥ ಬಿಷಪ್ಪನಾದರೂ ತನಗೆ ತಾನೇ ಕೊಟ್ಟುಕೊಳ್ಳಲಾರ. ಆದ್ದರಿಂದ ಕನ್ನಡ ಬೈಬಲ್ಲು ‘ಮಾಡಿಸು’ ಮತ್ತು ‘ಮಾಡಿಸಿಕೊಳ್ಳು’ ಎಂಬ ರೂಪಗಳನ್ನು ಹಿಡಿಯಿತು. ಯೊರ್ದನ್ ಹೊಳೆಯ ಯೋಹಾನನು ಮಾಡಿಸುತ್ತಾನೆ, ಜನ ಮಾಡಿಸಿಕೊಳ್ಳುತ್ತಾರೆ. ಈ ‘ಮಾಡಿಸಿಕೊಳ್ಳು’ ಎಷ್ಟು ಚೆಂದದ ರೂಪವೆಂದರೆ, ‘ಇಸು’ ಎಂಬಲ್ಲಿ ಇನ್ನೊಬ್ಬನ ಕೈ ಇದೆ, ‘ಕೊಳ್ಳು’ ಎಂಬಲ್ಲಿ ಪಡೆಯುವವನ ಮನಸ್ಸಿದೆ. ಅಪೊಸ್ತಲರ ಕೃತ್ಯಗಳು 22ನೇ ಅಧ್ಯಾಯದಲ್ಲಿ ಅನನೀಯನು ಸೌಲನಿಗೆ (ಮುಂದೆ ಪೌಲನಾದವನಿಗೆ) ದೀಕ್ಷಾಸ್ನಾನ ಮಾಡಿಸಿಕೋ ಎಂದು ಹೇಳುವ ಮಾತು ಗ್ರೀಕಿನಲ್ಲಿ ಕರ್ತರಿಯೂ ಅಲ್ಲದ ಕರ್ಮಣಿಯೂ ಅಲ್ಲದ, ನಡುವಿನ ಪ್ರಯೋಗದಲ್ಲಿದೆ. ಎಷ್ಟೋ ಭಾಷೆಗಳಲ್ಲಿ ಅದನ್ನು ಹೇಳಲು ಒಂದು ಪೂರ್ತಿ ವಾಕ್ಯ ಬೇಕಾಗುತ್ತದೆ. ಕನ್ನಡಕ್ಕೆ ‘ಮಾಡಿಸಿಕೋ’ ಎಂಬ ಒಂದೇ ಮಾತು ಸಾಕು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಗುರು ‘ದೇವರ ಸೇವಕನಾದ ಇಂಥವನು ದೀಕ್ಷಾಸ್ನಾನ ಹೊಂದುತ್ತಾನೆ’ ಎನ್ನುತ್ತಾನೆ; ಪಶ್ಚಿಮದ ಸಭೆಗಳಲ್ಲಿ ‘ನಾನು ನಿನಗೆ ಕೊಡುತ್ತೇನೆ’ ಎನ್ನುತ್ತಾನೆ. ಕೊಡುವವನು ಯಾರೆಂಬ ಪ್ರಶ್ನೆ ಅಲ್ಲಿ ಕ್ರಿಯಾಪದದಲ್ಲೇ ಕಾಣುತ್ತದೆ.

ಇದರ ಬೆಳಕಿನಲ್ಲಿ ‘ಸ್ನಾನಿಕನಾದ ಯೋಹಾನ’ ಎಂಬ ನಮ್ಮ ಬೈಬಲ್ಲಿನ ಹೆಸರು ನನಗೆ ಯಾವಾಗಲೂ ಇರುಸುಮುರುಸು. ಅವನು ಸ್ನಾನ ಮಾಡಿದವನಲ್ಲ, ಮಾಡಿಸಿದವನು. ಪ್ರೇರಣಾರ್ಥವೇ ಆ ಹೆಸರಿನಿಂದ ಬಿದ್ದುಹೋಗಿದೆ. ರೂಢಿ ಗಟ್ಟಿಯಾದ್ದರಿಂದ ಈಗ ಬದಲಿಸಿ ಎಂದು ಹೇಳಲಾರೆ. ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಕೊಡುವವರು ಒಂದು ಮಾತು ಸೇರಿಸಿ ಬಿಡಿಸಿ ಹೇಳಿದರೆ ಒಳ್ಳೆಯದು.

ಬೈಬಲ್ಲಿನ ಭಾಷೆಯ ಆಚೆಗೆ, ನಮ್ಮ ಜನರ ಬಾಯಲ್ಲಿ ಕ್ರಿಯಾಪದಗಳು ಇನ್ನೂ ಚುರುಕಾಗಿವೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ನಾನು ಕೇಳಿದ್ದನ್ನು ಹೇಳುತ್ತೇನೆ. ಸಿ.ಎಸ್.ಐ. ಮನೆಗಳಲ್ಲಿ: ‘ಕೂಸಿಂದು ದೀಕ್ಷಾಸ್ನಾನ ಆಗೇತೇನ್ರಿ?’ ಕ್ಯಾಥೊಲಿಕರಲ್ಲಿ: ‘ಸ್ನಾನದೀಕ್ಷೆ ಕೊಡಿಸಿದ್ವಿ.’ ಪೆಂತೆಕೊಸ್ತ ಮತ್ತು ಸ್ವತಂತ್ರ ಸಭೆಗಳಲ್ಲಿ: ‘ಹೋದ ವರ್ಷ ನೀರಿನ ದೀಕ್ಷಾಸ್ನಾನ ತಗೊಂಡಾರ.’ ಆಗು, ಕೊಡಿಸು, ತಗೊ. ಮೂರು ಕ್ರಿಯಾಪದಗಳಲ್ಲಿ ಮೂರು ಸಭೆಗಳ ನಂಬಿಕೆ ಇದೆ. ‘ಆಗೇತಿ’ ಎಂದಾಗ ಕೂಸಿನ ಇಚ್ಛೆಯ ಪ್ರಶ್ನೆಯೇ ಬರುವುದಿಲ್ಲ; ಅದರ ಮೇಲೆ ಕೃಪೆ ಆಗಿದೆ, ಅದು ಮುಂದೆ ಬೆಳೆದು ಅರಿತುಕೊಳ್ಳಬೇಕು. ‘ಕೊಡಿಸಿದ್ವಿ’ ಎಂದಾಗ ತಂದೆತಾಯಿಯ ಹೊಣೆ ಮುಂದೆ ನಿಲ್ಲುತ್ತದೆ. ಕೂಸಿನ ಪರವಾಗಿ ನಿಂತು ಮಾತು ಕೊಡುವ ಹಿರಿಯರೂ ಆ ಹೊಣೆಯಲ್ಲಿ ಪಾಲುಗಾರರು. ‘ತಗೊಂಡಾರ’ ಎಂದಾಗ ವಯಸ್ಸಿಗೆ ಬಂದ ಮನುಷ್ಯ ತಾನೇ ನಂಬಿ, ತಾನೇ ಮುಂದೆ ಬಂದು, ಹತ್ತು ಜನರ ಮುಂದೆ ಒಪ್ಪಿಕೊಂಡದ್ದು ಕಾಣುತ್ತದೆ. ಬರೀ ಕ್ರಿಯಾಪದ ಕೇಳಿ ಈ ಮಾತು ಯಾವ ಸಭೆಯದೆಂದು ಬಹಳ ಸಲ ಹೇಳಿಬಿಡಬಹುದು.

ಕೂಸಿಗೋ ದೊಡ್ಡವರಿಗೋ ಎಂಬ ಈ ಭೇದ ಹಳೆಯದು, ನೋವಿನದೂ ಹೌದು. ಫಿಲಿಪ್ಪಿಯ ಸೆರೆಮನೆಯ ಯಜಮಾನ ಮನೆಯವರೆಲ್ಲರ ಸಹಿತ ದೀಕ್ಷಾಸ್ನಾನ ಮಾಡಿಸಿಕೊಂಡನೆಂದು ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲಿದೆ. ಮನೆಯವರಲ್ಲಿ ಕೂಸುಗಳೂ ಇದ್ದಿರಬೇಕು ಎಂದು ಒಂದು ಪಕ್ಷ. ನಂಬಿಕೆ ಮೊದಲು, ನೀರು ಆಮೇಲೆ ಎಂದು ಇನ್ನೊಂದು ಪಕ್ಷ. ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ 1525ರ ಜನವರಿಯಲ್ಲಿ ಕೆಲವರು, ಕೂಸಾಗಿದ್ದಾಗ ಆದದ್ದನ್ನು ಲೆಕ್ಕಕ್ಕೆ ಹಿಡಿಯದೆ ದೊಡ್ಡವರಾಗಿ ಮತ್ತೆ ಮಾಡಿಸಿಕೊಂಡರು. ಎರಡು ವರ್ಷಗಳ ಬಳಿಕ ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಜ್‌ನನ್ನು ಊರ ಆಡಳಿತ ಅಲ್ಲಿಯ ಲಿಮ್ಮಟ್ ಹೊಳೆಯಲ್ಲಿ ಮುಳುಗಿಸಿ ಕೊಂದಿತು. ಅದೇ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಿಂದ 300 ವರ್ಷಗಳ ನಂತರ ಬಂದ ಮಿಶನರಿಗಳು ನಮ್ಮ ಅಜ್ಜ ಮುತ್ತಜ್ಜಂದಿರ ಕೂಸುಗಳ ತಲೆಗೆ ನೀರು ಹಾಕಿದರು. ಇವತ್ತು ನಮ್ಮ ಸಭೆಯ ಹುಡುಗನೊಬ್ಬ ಸ್ವತಂತ್ರ ಸಭೆಗೆ ಹೋಗಿ ಮತ್ತೆ ‘ತಗೊಂಡಾಗ’ ಮನೆಯಲ್ಲಿ ಅಳು ಏಳುವುದುಂಟು: ‘ಹಂಗಾದ್ರ ನಾವು ಕೊಡಿಸಿದ್ದು ಏನೂ ಅಲ್ಲೇನು?’ ಆ ತಾಯಿಯ ಪ್ರಶ್ನೆಗೂ ಬೆಲೆಯುಂಟು, ಆ ಹುಡುಗನ ಮನಸ್ಸಾಕ್ಷಿಗೂ ಬೆಲೆಯುಂಟು. ನನ್ನ ಒಲವು ತಾಯಿಯ ಕಡೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ‘ಆಗು’ ಎಂಬ ಕ್ರಿಯೆ ಒಮ್ಮೆ ಆದ ಮೇಲೆ ಆಗಿಯೇ ಹೋಯಿತು.

ನೀರಿನ ಪ್ರಮಾಣದ ವಿಷಯ ಚಿಕ್ಕದಾಗಿ. ಆದಿ ಸಭೆಯ ‘ದಿದಖೆ’ ಎಂಬ ಕೈಪಿಡಿಯ 7ನೇ ಅಧ್ಯಾಯ, ಹರಿಯುವ ನೀರಿನಲ್ಲಿ ಮಾಡಿಸು, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರಿಲ್ಲದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿ ಎನ್ನುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ನಿಂತ ಬೆಟಗೇರಿಯವರಿಗೆ ಈ ವಿನಾಯಿತಿಯ ಬೆಲೆ ಗೊತ್ತು. ಹಾವೇರಿಯ ಕಡೆಯವರಿಗೆ ವರದಾ, ತುಂಗಭದ್ರೆ ಇವೆ. ಮುಳುಗಿಸುವ ಸಭೆಯವರು ಹೊಳೆಗೆ ಹೋಗುತ್ತಾರೆ, ಇಲ್ಲವೇ ಚರ್ಚಿನಲ್ಲೇ ತೊಟ್ಟಿ ಕಟ್ಟಿಸಿಕೊಂಡಿರುತ್ತಾರೆ. ಮುಳುಗುವುದು ಕ್ರಿಸ್ತನೊಂದಿಗೆ ಹೂಳಿಸಿಕೊಳ್ಳುವುದು, ಮೇಲೇಳುವುದು ಆತನೊಂದಿಗೆ ಎದ್ದು ಬರುವುದು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯವನ್ನು ಅವರು ಎತ್ತಿ ಹೇಳುತ್ತಾರೆ. ಆ ಅರ್ಥ ಕಣ್ಣಿಗೆ ಕಟ್ಟುವುದು ಮುಳುಗಿಸುವಲ್ಲಿಯೇ, ಅದನ್ನು ಒಪ್ಪಲೇಬೇಕು. ಆದರೆ ನಮ್ಮ ಕಡೆ ಬಾಣಂತಿಯ ಮನೆಯಲ್ಲಿ ಕೂಸಿಗೆ ಎಣ್ಣಿ ಹಚ್ಚಿ ನೀರು ಹಾಕುವುದಕ್ಕೆ ‘ಎರಿಯೂದು’ ಎನ್ನುತ್ತೇವಲ್ಲ. ಎರೆಯುವುದೆಂದರೆ ಮೇಲಿನಿಂದ ಸುರಿಯುವುದು. ಕೂಸಿನ ಮಟ್ಟಿಗೆ ಕನ್ನಡದ ಸ್ನಾನವೇ ಎರೆಯುವುದು. ಸಭಾಪಾಲಕರು ಅಂಗೈಯಲ್ಲಿ ನೀರು ತುಂಬಿ ಮೂರು ಸಲ ಕೂಸಿನ ನೆತ್ತಿಗೆ ಹಾಕುವಾಗ ಅದನ್ನು ಸ್ನಾನವಲ್ಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸಿ ಮುಗಿಸುವುದು ಮಾತ್ರ ಪ್ರೋಕ್ಷಣೆ. ಹಾಗೆ ಮಾಡುವವರು ಪದದ ಮಾನವನ್ನಾದರೂ ಉಳಿಸುವಷ್ಟು ನೀರು ಬಳಸಬೇಕೆಂದು ನನ್ನ ವಿನಂತಿ.

ಇಷ್ಟಾದ ಮೇಲೆ ದೊಡ್ಡವ್ವನಿಗೆ ಹೇಳಿದ್ದು: ಎರಡೂ ಒಂದೇ. ನೀರು ಇರಬೇಕು, ತಂದೆಯ ಮಗನ ಪವಿತ್ರಾತ್ಮನ ಹೆಸರು ಹೇಳಬೇಕು. ಮತ್ತಾಯ 28:19ರಲ್ಲಿ ಕೇಳಿರುವುದು ಇಷ್ಟೇ. ಅವರು ‘ಪಿತ, ಸುತ’ ಎನ್ನುತ್ತಾರೆ, ನಾವು ‘ತಂದೆ, ಮಗ’ ಎನ್ನುತ್ತೇವೆ. ಸಿ.ಎಸ್.ಐ.ಯಲ್ಲಿ ಹೀಗೆ ಆದವರಿಗೆ ಕ್ಯಾಥೊಲಿಕ್ ಸಭೆ ಎರಡನೇ ಸಾರಿ ಕೊಡುವುದಿಲ್ಲ, ಅಲ್ಲಿ ಆದವರಿಗೆ ನಾವೂ ಕೊಡುವುದಿಲ್ಲ. ನಮ್ಮ ಹುಡುಗನ ಮದುವೆಯ ಹೊತ್ತಿಗೆ ಕೇಶ್ವಾಪುರದ ಗುರುಗಳು ಕೇಳಿದ್ದು ಬೆಟಗೇರಿ ಸಭೆಯ ಪ್ರಮಾಣಪತ್ರವನ್ನು ಮಾತ್ರ. ಇನ್ನೊಂದು ಸಂಗತಿಯನ್ನೂ ಹೇಳಿದಾಗ ದೊಡ್ಡವ್ವ ಬಹಳ ಹೊತ್ತು ಅದನ್ನೇ ಕೇಳುತ್ತಿದ್ದರು: ಕೂಸು ಉಳಿಯುವ ಲಕ್ಷಣವಿಲ್ಲ, ಗುರು ಬರುವಷ್ಟು ಹೊತ್ತಿಲ್ಲ ಎನ್ನುವಾಗ ಯಾರು ಬೇಕಾದರೂ ಅದನ್ನು ಕೊಡಬಹುದೆಂದು ಕ್ಯಾಥೊಲಿಕ್ ಸಭೆಯ ಕಾನೂನೇ ಹೇಳುತ್ತದೆ. ಕ್ರೈಸ್ತರೇ ಆಗಿರಬೇಕೆಂದಿಲ್ಲ, ಸಭೆಯ ಉದ್ದೇಶವೇ ತನ್ನ ಉದ್ದೇಶವಾಗಿರಬೇಕು, ನೀರು ಮತ್ತು ಆ ಮಾತು ಸರಿಯಾಗಿರಬೇಕು. ಹೆರಿಗೆ ವಾರ್ಡಿನ ನರ್ಸಮ್ಮನೂ ಕೊಡಬಹುದು. ಕೊಡುವವರ ಯೋಗ್ಯತೆಗಿಂತ ಕೊಡುವ ಕೆಲಸವೇ ದೊಡ್ಡದು ಎಂದು ಆಫ್ರಿಕದ ಬಿಷಪ್ ಅಗಸ್ಟೀನನು, ಕೊಡುವವನು ಯೋಗ್ಯನಲ್ಲದಿದ್ದರೆ ಅದು ಸಲ್ಲದು ಎನ್ನುತ್ತಿದ್ದ ದೊನಾತಿಸ್ತ ಪಂಥದವರ ಎದುರು 1,600 ವರ್ಷಗಳ ಹಿಂದೆ ವಾದಿಸಿದ್ದು ಇದನ್ನೇ.

ಪತ್ರಿಕಾ ಗೆಳೆಯರಿಗೂ ಒಂದು ಮಾತು. ದೀಕ್ಷಾಸ್ನಾನವನ್ನು ‘ಮತಾಂತರ’ಕ್ಕೆ ಪರ್ಯಾಯ ಪದವಾಗಿ ಬಳಸಬೇಡಿರಿ. ನಾಲ್ಕು ತಲೆಮಾರಿನಿಂದ ಕ್ರೈಸ್ತರಾಗಿರುವ ಮನೆಯ ಮೂರು ತಿಂಗಳ ಕೂಸು ಎಲ್ಲಿಂದ ಎಲ್ಲಿಗೆ ಮತಾಂತರವಾಗಬೇಕು? ಕೆಲವರ ಬದುಕಿನಲ್ಲಿ ಎರಡೂ ಒಟ್ಟಿಗೆ ಬರಬಹುದು. ಆದರೆ ಒಂದು ಮನೆಯ ಒಳಗಿನ ಸಂಸ್ಕಾರ, ಇನ್ನೊಂದು ಸಮಾಜ ಮತ್ತು ಕಾನೂನು ಹೊರಗಿನಿಂದ ಇಟ್ಟ ಹೆಸರು. ಪದ ಬೆರೆತರೆ ಓಣಿಯಲ್ಲಿ ಅನುಮಾನ ಬೆಳೆಯುತ್ತದೆ.

ಕಾರ್ಡಿನಲ್ಲಿ ಕೊನೆಗೆ ‘ಸ್ನಾನದೀಕ್ಷೆ’ಯನ್ನೇ ಉಳಿಸಿದೆವು, ಕಾರ್ಯ ನಡೆಯುವ ಸಭೆಯ ಪದವೇ ನ್ಯಾಯ. ಕ್ರಿಯಾಪದವಾಗಿ ‘ಕೊಡಿಸಲಿದ್ದೇವೆ’ ಎಂದು ಹಾಕಿದೆವು.

ನನ್ನ ಪ್ರಶ್ನೆಗಳು ಇವು. ಹಾವೇರಿ, ರಾಣೆಬೆನ್ನೂರು, ಹಾನಗಲ್ಲ ಕಡೆಯ ಸಭೆಗಳಲ್ಲಿ ‘ಆಗು, ಕೊಡಿಸು, ತಗೊ’ ಬಿಟ್ಟು ಬೇರೆ ಕ್ರಿಯಾಪದ ಕೇಳಿದವರಿದ್ದೀರಾ? ‘ನೀರು ಹಾಕಿಸು’ ಎಂದು ನಮ್ಮ ಮನೆಯ ಹಳೆಯ ತಲೆಮಾರಿನವರು ಅನ್ನುತ್ತಿದ್ದರು. ಅದು ಬೆಟಗೇರಿಯದಷ್ಟೇ ಬಳಕೆಯೋ, ಗುಳೇದಗುಡ್ಡದ ಕಡೆಯೂ ಉಂಟೋ? ಮುಳುಗಿಸುವ ಸಭೆಯವರು ‘ಎರೆ’ ಎಂಬ ಪದವನ್ನು ಯಾವ ಅರ್ಥದಲ್ಲಾದರೂ ಬಳಸುತ್ತಾರೆಯೇ? ಕೂಸಿನ ಪರವಾಗಿ ನಿಲ್ಲುವ ಹಿರಿಯರನ್ನು ನಿಮ್ಮ ಮನೆಗಳಲ್ಲಿ ಏನೆಂದು ಕರೆಯುತ್ತೀರಿ? ಕಾರ್ಡಿನಲ್ಲಿ ಅಚ್ಚಾದ ಪದ ಬೇಡ, ಕೂಸು ಮಾತು ಕಲಿತ ಮೇಲೆ ಅವರನ್ನು ಕರೆಯುವ ಪದ ಬೇಕು. ಕೇಳಿದ ಊರು, ಸಭೆ, ಹೇಳಿದವರ ಸುಮಾರು ವಯಸ್ಸು ಸೇರಿಸಿ ಬರೆದರೆ ಉಪಕಾರ.